ಬೇಲಿ ಹಾಕಿದ್ದು ಯಾರಿಗೆ?



2020ರ ಮಾರ್ಚ್ 25ರಿಂದ ಕೊರೋನಾ ಹೆಸರಲ್ಲಿ ದೇಶಕ್ಕೇ ಬೀಗ ಬಿತ್ತು. ಬೆಂಗಳೂರು, ಮುಂಬಯಿಯಲ್ಲಿ ಕೂಲಿ ಕಳಕೊಂಡ ನಮ್ಮ ಹುಡುಗರು ಊರ ದಾರಿ ಹಿಡಿದರು. ನಾವು ಮಾಡಿದ್ದೇನು? ಎಷ್ಟೋ ಹಳ್ಳಿಗಳಲ್ಲಿ ರಸ್ತೆಗೆ ಅಡ್ಡ ಮುಳ್ಳು ಎಳೆದೆವು, ಗುಂಡಿ ತೋಡಿದೆವು. ರೋಗಕ್ಕೆ ಹೆದರಿದ್ದು ತಪ್ಪಲ್ಲ. ಆದರೆ ಅವರು ಪೇಟೆಗೆ ಹೋಗಿದ್ದು ಶೋಕಿಗಲ್ಲ. ಬೆಳೆಗೆ ಬೆಲೆ ಸಿಗದೆ ಆದ ಮನೆಯ ಸಾಲ ತೀರಿಸೋಕೆ.

ಆ ಮುಳ್ಳು ಮಕ್ಕಳನ್ನು ತಡೆಯಿತು, ಬಡ್ಡಿಯನ್ನು ತಡೆಯಲಿಲ್ಲ. ಕೊಳ್ಳೋರಿಲ್ಲದೆ ಟೊಮ್ಯಾಟೊ ತಿಪ್ಪೆ ಸೇರಿತು. ಬ್ಯಾಂಕುಗಳು ಕಂತಿಗೆ ಆಗಸ್ಟ್‌ವರೆಗೆ ಆರು ತಿಂಗಳ ಬಿಡುವು ಕೊಟ್ಟವು. ಬಡ್ಡಿ ಮಾತ್ರ ಬೆಳೀತಾನೇ ಇತ್ತು. ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಬಡ್ಡಿ ಮೇಲಿನ ಬಡ್ಡಿ ಬಿಟ್ಟಾಗ ಮನೆಸಾಲ, ವಾಹನ ಸಾಲ ಸೇರಿದವು. ಬೆಳೆಸಾಲ, ಟ್ರ್ಯಾಕ್ಟರ್ ಸಾಲ ಸೇರಲಿಲ್ಲ. ಇದನ್ನು ಕೇಳೋಕೆ ಎಷ್ಟು ಊರಿನವರು ಎದ್ದೆವು?

ಬಂದವರನ್ನು ಶಾಲೆಯಲ್ಲಿ ಹದಿನಾಲ್ಕು ದಿನ ಇರಿಸಿ, ಊಟ ಕೊಟ್ಟು, ಆಮೇಲೆ ಮನೆಗೆ ಕರಕೊಂಡ ಹಳ್ಳಿಗಳೂ ಇದ್ದವು. ಅವರಿಗೂ ಭಯವಿತ್ತು, ಜೊತೆಗೆ ವಿವೇಕವೂ ಇತ್ತು. ಇನ್ನೊಂದು ಪಿಡುಗು ಬರುವ ಮೊದಲೇ ಗ್ರಾಮಸಭೆಯಲ್ಲಿ ಕೂತು ತೀರ್ಮಾನ ಮಾಡೋಣ: ಬಂದವರಿಗೆ ಜಾಗ ಎಲ್ಲಿ, ಊಟ ಯಾರದು, ಮಾಲು ಸಾಗಿಸೋದು ಹೇಗೆ, ಬೀಗ ಬಿದ್ದ ದಿನಗಳ ಬಡ್ಡಿ ಹೊರೋದು ಯಾರು?

ಸ್ವಂತ ಮಗನಿಗೆ ಮುಳ್ಳು ಎಳೆದ ಕೈ ಮುಷ್ಟಿ ಕಟ್ಟಿದರೆ ಯಾರು ಹೆದರ್ತಾರೆ?