ಕಾಡಿನ ಜಮಾಖರ್ಚು

ನಮ್ಮ ಬಚ್ಚಲಮನೆಯ ಸೀಗೇಪುಡಿ, ಮಸಾಲೆ ಡಬ್ಬಿಯಲ್ಲಿರುವ ಕಲ್ಲುಹೂವು, ಭರಣಿಯ ಬೆಟ್ಟದ ನೆಲ್ಲಿಕಾಯಿ, ಮಕ್ಕಳ ಕೆಮ್ಮಿಗೆಂದು ಎತ್ತಿಟ್ಟ ಜೇನುತುಪ್ಪ, ಇವು ಯಾವುವೂ ಅಂಗಡಿಯಲ್ಲಿ ಹುಟ್ಟಿದವಲ್ಲ. ಕಾಡಿನಲ್ಲಿ ಯಾರೋ ಬಗ್ಗಿ ಆರಿಸಿ, ಯಾರೋ ಮರ ಹತ್ತಿ ಇಳಿಸಿ, ಹೊತ್ತು ತಂದದ್ದು. ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ಆ ಕೈಗಳು ಸೋಲಿಗರವು.

ಸರ್ಕಾರಕ್ಕೆ ಕಾಡೆಂದರೆ ಮೊದಲಿನಿಂದಲೂ ವರಮಾನವೇ. 1864ರಲ್ಲಿ ಬ್ರಿಟಿಷರು ಅರಣ್ಯ ಇಲಾಖೆ ತೆರೆದದ್ದು ಹಕ್ಕಿಯ ಹಾಡು ಕೇಳಲಿಕ್ಕಲ್ಲ. ರೈಲು ಕಂಬಿಯ ಕೆಳಗೆ ಹಾಸುವ ದಿಮ್ಮಿ ಬೇಕಿತ್ತು. ಗಂಧದ ಮರವಂತೂ ನಿಮ್ಮ ಹಿತ್ತಲಲ್ಲೇ ಹುಟ್ಟಿದರೂ, 2001ರಲ್ಲಿ ಕಾನೂನು ತಿದ್ದುವವರೆಗೆ ನಿಮ್ಮದಾಗಿರಲಿಲ್ಲ. ಈಗ ಅಭಯಾರಣ್ಯಗಳಲ್ಲಿ ಮರ ಕಡಿದು ಗಳಿಸುವ ಕಾಲ ಹೋಗಿ, ಮರ ತೋರಿಸಿ ಗಳಿಸುವ ಕಾಲ ಬಂದಿದೆ. 1980ರಲ್ಲಿ ಶುರುವಾದ ಜಂಗಲ್ ಲಾಡ್ಜಸ್ ಸರ್ಕಾರದ್ದೇ ಸಂಸ್ಥೆ. ಬಿಳಿಗಿರಿಯ ಕಾಡಿನೊಳಗೆ, ಕ್ಯಾತದೇವರ ಗುಡಿಯಲ್ಲಿ ಅದರ ಬಿಡಾರವಿದೆ. ಹಣ ಕೊಟ್ಟವರಿಗೆ ಊಟ, ವಸತಿ, ಜೀಪಿನಲ್ಲಿ ಸಫಾರಿ.

ಇರಲಿ, ಅದಕ್ಕೆ ನನ್ನ ತಕರಾರಿಲ್ಲ. ಬೆಂಕಿ ಕಾಯುವವನಿಗೆ, ರಾತ್ರಿ ಗಸ್ತು ತಿರುಗುವ ವಾಚರನಿಗೆ ಸಂಬಳ ಎಲ್ಲಿಂದಲೋ ಬರಬೇಕು. ನನ್ನ ತಕರಾರು ತಕ್ಕಡಿಯ ಬಗ್ಗೆ. ವನ್ಯಜೀವಿ ಕಾಯಿದೆಗೆ 2002ರಲ್ಲಿ ತಿದ್ದುಪಡಿಯಾಗಿ, ಅಭಯಾರಣ್ಯದ ಕಿರು ಉತ್ಪನ್ನಗಳ ಮಾರಾಟಕ್ಕೆ ಅಡ್ಡಿ ಬಂತು. ಅದನ್ನು ಹಿಡಿದು 2006ರಲ್ಲಿ ಬಿಳಿಗಿರಿಯಲ್ಲಿ ಸೋಲಿಗರ ಸಂಗ್ರಹ ನಿಲ್ಲಿಸಿದರು. ಬುಟ್ಟಿ ನಿಂತಿತು, ಜೀಪು ನಿಲ್ಲಲಿಲ್ಲ. ಸೋಲಿಗರು ಜೇನು ಮಾರಿದರೆ ವ್ಯಾಪಾರ. ಸರ್ಕಾರ ಅದೇ ಕಾಡಿನ ನೋಟ ಮಾರಿದರೆ ಸಂರಕ್ಷಣೆ! ಇದು ಯಾವ ಊರಿನ ನ್ಯಾಯ?

'ಎಲ್ಲರೂ ಕಿತ್ತು ತಂದರೆ ಕಾಡು ಉಳಿಯುತ್ತದೆಯೇ ಟೀಚರ್?' ಎಂದು ಕೇಳುವವರಿದ್ದಾರೆ. ಕೇಳಬೇಕಾದ ಮಾತೇ. ಕೊಂಬೆ ಕಡಿದು ನೆಲ್ಲಿಕಾಯಿ ಇಳಿಸಿದರೆ ಮರಕ್ಕೆ ಪೆಟ್ಟು. ಹಾಗಿದ್ದರೆ ಮಿತಿ ಹಾಕಿ, ಸರದಿ ಹಾಕಿ, ಆ ಮಾತನ್ನು ಅಲ್ಲಿಯವರ ಜೊತೆಗೇ ಕೂತು ಆಡಿ. ಮಿತಿ ಜೀಪಿಗೂ ಇರಲಿ. ಒಬ್ಬರಿಗೆ ನಿಷೇಧ, ಇನ್ನೊಬ್ಬರಿಗೆ ರಸೀದಿ ಎಂಬುದಕ್ಕೆ ಮಿತಿ ಎಂದು ಹೆಸರಿಲ್ಲ.

ಕಾನೂನೂ ಸುಮ್ಮನೆ ಕೂತಿಲ್ಲ. 2006ರ ಅರಣ್ಯ ಹಕ್ಕು ಕಾಯಿದೆ ಕಿರು ಉತ್ಪನ್ನಗಳ ಒಡೆತನವನ್ನು ಕಾಡಿನವರಿಗೇ ಕೊಟ್ಟಿತು. 2011ರ ಆರಂಭದಲ್ಲಿ ಬಿಳಿಗಿರಿ ಹುಲಿ ಮೀಸಲು ಪ್ರದೇಶವಾಯಿತು. ಅದೇ ವರ್ಷ ಹೋರಾಡಿದ ಸೋಲಿಗರಿಗೆ ಸಮುದಾಯ ಹಕ್ಕುಪತ್ರವೂ ಸಿಕ್ಕಿತು. ಹುಲಿ ಮೀಸಲಿನೊಳಗೆ ಹೀಗೆ ಸಿಕ್ಕಿದ್ದು ದೇಶದಲ್ಲೇ ಮೊದಲು. ಆದರೆ ಜೇನಿನ ಹಕ್ಕು ಬೇರೆ, ಗೇಟಿನ ಹಣದ ಲೆಕ್ಕ ಬೇರೆ. ಹುಲಿ ಮೀಸಲುಗಳ ಪ್ರವೇಶ ಶುಲ್ಕ ಆಯಾ ಮೀಸಲಿನ ಪ್ರತಿಷ್ಠಾನಕ್ಕೇ ಸೇರಲೆಂದು ಕಾಯಿದೆಯಲ್ಲಿ ದಾರಿಯಿದೆ. ಒಳ್ಳೆಯದೇ. ಆ ಲೆಕ್ಕವನ್ನು ಪ್ರತಿವರ್ಷ ಸೋಲಿಗರ ಗ್ರಾಮಸಭೆಯಲ್ಲಿ, ಕನ್ನಡದಲ್ಲಿ, ಗಟ್ಟಿಯಾಗಿ ಓದಿ ಹೇಳಲಿ. ಪೋಡಿನ ಹೆಂಗಸರು ಎದ್ದು ನಿಂತು ಪ್ರಶ್ನೆ ಕೇಳಲಿ. ಬಿಡಾರದ ಆದಾಯದಲ್ಲೂ ಗ್ರಾಮಸಭೆಗೆ ಒಂದು ಪಾಲು ಬರಲಿ. ಭಿಕ್ಷೆಯಾಗಿ ಅಲ್ಲ, ಹಕ್ಕಾಗಿ.

ಸಂಸಾರ ತೂಗಿಸಿದ ನಮಗೆ ಜಮಾಖರ್ಚನ್ನು ಯಾರೂ ಕಲಿಸಬೇಕಿಲ್ಲ. ಜಮಾ ಒಬ್ಬರಿಗೆ, ಖರ್ಚು ಇನ್ನೊಬ್ಬರಿಗೆ ಬರೆದ ಪುಸ್ತಕವನ್ನು ಯಾವ ಮನೆಯಲ್ಲೂ ಒಪ್ಪುವುದಿಲ್ಲ. 'ಕಾಡಿನ ಉಪಯೋಗಗಳನ್ನು ಬರೆಯಿರಿ' ಎಂಬ ಪ್ರಶ್ನೆಯನ್ನು ವರ್ಷವರ್ಷವೂ ತಿದ್ದಿದ್ದೇನೆ. 'ಯಾರಿಗೆ ಉಪಯೋಗ?' ಎಂಬ ಪ್ರಶ್ನೆ ಪತ್ರಿಕೆಯಲ್ಲಿ ಬಂದದ್ದನ್ನು ಮಾತ್ರ ಕಾಣೆ. ಈ ಬೇಸಿಗೆಯಲ್ಲಿ ಮಕ್ಕಳನ್ನು ಸಫಾರಿಗೆ ಕರೆದೊಯ್ಯುವ ತಾಯಂದಿರೇ, ಟಿಕೆಟ್ಟಿನ ಕಿಂಡಿಯ ಮುಂದೆ ನಿಂತಾಗ ಆ ಒಂದು ಪ್ರಶ್ನೆಯನ್ನು ನೀವಾದರೂ ಕೇಳಿ.