ಹಳೆಯ ಕಾರುಗಳ ಇಗ್ನಿಷನ್ ಮತ್ತು ನಮ್ಮ ಬಿಡಿಭಾಗ ವ್ಯಾಪಾರ

ಅಂಬಾಸಡರ್ ಕಾರಿನ ತಯಾರಿಕೆಯು 2014ರಲ್ಲಿ ಉತ್ತರಪಾರಾದಲ್ಲಿ ನಿಂತಿತು. ಅದಕ್ಕೂ ಒಂದು ದಶಕಕ್ಕಿಂತ ಹಿಂದೆಯೇ ತಯಾರಿಕೆ ನಿಂತಿದ್ದ ಪ್ರೀಮಿಯರ್ ಪದ್ಮಿನಿಯು, ಮುಂಬಯಿಯ ಟ್ಯಾಕ್ಸಿ ರೂಪದಲ್ಲಿ ಉಳಿದಿದ್ದು, 2023ರ ಅಕ್ಟೋಬರ್‌ನಲ್ಲಿ ಅಲ್ಲಿಯೂ ನಿವೃತ್ತಿ ಹೊಂದಿತು. ಆದರೂ ಈ ಕಾರುಗಳ ಬಿಡಿಭಾಗಗಳ ವ್ಯಾಪಾರ ಮುಗಿದಿಲ್ಲ; ಗ್ರಾಹಕನು ಮಾತ್ರ ಬದಲಾಗಿದ್ದಾನೆ. ಹಿಂದೆ ಟ್ಯಾಕ್ಸಿ ಮಾಲೀಕನು ಅಗ್ಗದ ಪಾಯಿಂಟ್ ಸೆಟ್ ಕೇಳುತ್ತಿದ್ದನು. ಇಂದು ಅಕ್ಕರೆಯಿಂದ ಹಳೆಯ ವಾಹನವನ್ನು ಉಳಿಸಿಕೊಂಡವನು, ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಕಿಟ್ ಅಳವಡಿಸಬಹುದೇ ಎಂದು ವಿಚಾರಿಸುತ್ತಾನೆ.

ಅಳವಡಿಸಬಹುದು ಎಂಬುದು ನಮ್ಮ ಅಭಿಪ್ರಾಯ. ಆದರೆ ಆತನು ಹಾಗೇಕೆ ಕೇಳುತ್ತಿದ್ದಾನೆಂಬುದನ್ನು ವ್ಯಾಪಾರಿಯು ಮೊದಲು ಅರಿಯಬೇಕು.

ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಸುಮಾರು 1910ರಲ್ಲಿ ರೂಪಿಸಿದ ಬ್ಯಾಟರಿ ಇಗ್ನಿಷನ್ ವ್ಯವಸ್ಥೆಯೇ ಈ ಕಾರುಗಳಿಗೂ ಆಧಾರ. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಪಾಯಿಂಟ್‌ಗಳು ಸೆಕೆಂಡಿಗೆ 100 ಬಾರಿ ತೆರೆದು ಮುಚ್ಚುತ್ತವೆ. ಅಂಬಾಸಡರ್‌ನ 1489 ಸಿ.ಸಿ. ಎಂಜಿನ್ನಿನಲ್ಲಿ ಅವುಗಳ ನಡುವಣ ಅಂತರ 0.35ರಿಂದ 0.40 ಮಿ.ಮೀ. ಇರಬೇಕು. ಕ್ಯಾಮ್‌ಗೆ ಉಜ್ಜುವ ಫೈಬರ್ ಹಿಮ್ಮಡಿ ಸವೆದಂತೆ ಈ ಅಂತರ ಕುಗ್ಗಿ, ಕಿಡಿಯು ತಡವಾಗಿ ಹಾರುತ್ತದೆ. ಎಂಜಿನ್ನಿನ ಶಕ್ತಿ ಕುಂದಿ ಪೆಟ್ರೋಲ್ ವೆಚ್ಚ ಏರುತ್ತದೆ. ಕಂಡೆನ್ಸರ್ ಕೆಟ್ಟರಂತೂ ಪಾಯಿಂಟ್ ಸುಟ್ಟು ಕಾರು ದಾರಿಯಲ್ಲೇ ನಿಲ್ಲುತ್ತದೆ. ಕಾಂತದ ಉಂಗುರ ಮತ್ತು ಹಾಲ್ ಸಂವೇದಕವುಳ್ಳ ಕಿಟ್‌ನಲ್ಲಿ ಉಜ್ಜುವ ಭಾಗವೇ ಇಲ್ಲದಿರುವುದರಿಂದ ಸಮಯವು ಒಮ್ಮೆ ಹೊಂದಿಸಿದಂತೆಯೇ ಬಹುಕಾಲ ನಿಲ್ಲುತ್ತದೆ.

ಇಷ್ಟಾದರೂ, ಪಾಯಿಂಟ್‌ಗಳ ಮೇಲಿನ ಬೇಸರಕ್ಕೆ ಬಹುಪಾಲು ಕಾರಣ ಆ ತಂತ್ರವಲ್ಲ, ಇಂದು ದೊರೆಯುತ್ತಿರುವ ಮಾಲು. ಮೆತ್ತನೆಯ ಹಿಮ್ಮಡಿ, ಸಡಿಲ ರಿವೆಟ್, ಬಿಸಿಯಾದೊಡನೆ ಕೈಕೊಡುವ ಕಂಡೆನ್ಸರ್: ಇವನ್ನು ಹೊಳೆಯುವ ಪೆಟ್ಟಿಗೆಯಲ್ಲಿಟ್ಟು ಮಾರುವವರು ನಮ್ಮ ನಡುವೆಯೂ ಇದ್ದಾರೆ. ಸುಮಾರು 0.2 ಮೈಕ್ರೋಫ್ಯಾರಡ್‌ನ ಒಂದು ಒಳ್ಳೆಯ ಕಂಡೆನ್ಸರನ್ನು ತಯಾರಿಸುವುದು ಅಸಾಧ್ಯದ ಕೆಲಸವೇ? 1951ರಲ್ಲಿ ಸ್ಥಾಪನೆಯಾಗಿ ಸ್ಪಾರ್ಕ್ ಪ್ಲಗ್‌ಗಳಿಂದ ಹೆಸರು ಗಳಿಸಿದ ಮೈಕೋ, ಅಂದರೆ 2008ರಿಂದ ಬಾಷ್ ಲಿಮಿಟೆಡ್, ಬೆಳೆದದ್ದು ಬೆಂಗಳೂರಿನಲ್ಲೇ. ಪೀಣ್ಯದಂತಹ ಕೈಗಾರಿಕಾ ಪ್ರದೇಶದಲ್ಲಿ ಇದಕ್ಕೆ ಬೇಕಾದ ಕೈಚಳಕಕ್ಕೆ ಕೊರತೆಯಿಲ್ಲ.

ಕಿಟ್ ತಯಾರಿಸಬಯಸುವ ಸಣ್ಣ ಉದ್ಯಮಿಗಳು ಅಂಚೆಚೀಟಿಯಷ್ಟು ಸರ್ಕ್ಯೂಟನ್ನು ಜೋಡಿಸಿದರೆ ಸಾಲದು. ಅದು ಡಿಸ್ಟ್ರಿಬ್ಯೂಟರ್ ಮುಚ್ಚಳದೊಳಗೆ, ಎಂಜಿನ್ನಿನ ಪಕ್ಕದ ಕಾವಿನಲ್ಲಿ, ನಮ್ಮ ಬೇಸಿಗೆಯ ನಗರ ಸಂಚಾರದಲ್ಲಿ ಬಾಳಬೇಕು. ಎಂಜಿನ್ ನಿಂತಿರುವಾಗ ಕೀಲಿಯನ್ನು ತಿರುಗಿಸಿಯೇ ಬಿಟ್ಟರೆ ಅನೇಕ ಅಗ್ಗದ ಮಾಡ್ಯೂಲ್‌ಗಳು ಸುಟ್ಟುಹೋಗುತ್ತವೆ; ಇದಕ್ಕೆ ರಕ್ಷಣೆ ಒಳಗೇ ಇರಬೇಕು. ಸಾದಾ ತಾಮ್ರದ ಪ್ಲಗ್ ತಂತಿಯ ಬದಲು ರೋಧಕವುಳ್ಳ ತಂತಿ ಬೇಕೆಂದೂ, ಕಾಯಿಲ್‌ನ ರೋಧ ಎಷ್ಟಿರಬೇಕೆಂದೂ ಸ್ಪಷ್ಟವಾಗಿ ಮುದ್ರಿಸಬೇಕು. 1950ರ ದಶಕದ ಅನೇಕ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಧನಾಗ್ರವೇ ಭೂಸಂಪರ್ಕ ಹೊಂದಿರುತ್ತದೆ; ಇಂದಿನ ಸಾಮಾನ್ಯ ಕಿಟ್ಟನ್ನು ಅದಕ್ಕೆ ಕೊಟ್ಟ ವ್ಯಾಪಾರಿಯು ಮರುದಿನವೇ ಗ್ರಾಹಕನ ಕೋಪವನ್ನು ಎದುರಿಸಬೇಕಾದೀತು. ಡಿಸ್ಟ್ರಿಬ್ಯೂಟರಿನ ತೂಕಗಳೂ ಸ್ಪ್ರಿಂಗ್‌ಗಳೂ ಸವೆದಿದ್ದರೆ ಯಾವ ಕಿಟ್ಟೂ ಅದನ್ನು ಸರಿಪಡಿಸದೆಂಬ ಮಾತನ್ನು ಮಾರುವ ಮುನ್ನವೇ ಹೇಳುವುದು ಲೇಸು.

ಇನ್ನೊಂದು ಸಂಗತಿ. ಕೇಂದ್ರ ಸರ್ಕಾರವು 2021ರಲ್ಲಿ ಪ್ರಕಟಿಸಿದ ನಿಯಮಗಳಂತೆ, 50 ವರ್ಷ ಮೀರಿದ ವಾಹನವು ಮೂಲ ಸ್ವರೂಪದಲ್ಲಿದ್ದರೆ ವಿಂಟೇಜ್ ನೋಂದಣಿಗೆ ಅರ್ಹ. ಆದ್ದರಿಂದ ಲೋಹವನ್ನು ಕೊರೆಯದೆ, ಮುಚ್ಚಳದೊಳಗೇ ಅಡಗಿ, ಅರ್ಧ ಗಂಟೆಯಲ್ಲಿ ಬಿಚ್ಚಿ ತೆಗೆಯಬಹುದಾದ ಕಿಟ್‌ಗೇ ಮಾರುಕಟ್ಟೆಯಲ್ಲಿ ಬೆಲೆ. 1996ರಲ್ಲಿ ಮುಚ್ಚಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಬೈಕುಗಳನ್ನು ಇಂದಿಗೂ ಓಡಿಸುವವರು ಇಂತಹುದನ್ನೇ ಹುಡುಕುತ್ತಾರೆ.

ನಮ್ಮ ಸಂಸ್ಥೆಯು ಈ ವಿಷಯದಲ್ಲಿ ಆಸಕ್ತ ತಯಾರಕರನ್ನೂ ಬಿಡಿಭಾಗ ವ್ಯಾಪಾರಿಗಳನ್ನೂ ಒಂದೆಡೆ ಕೂಡಿಸಿ, ಪರೀಕ್ಷೆಯ ಕನಿಷ್ಠ ಮಾನದಂಡವನ್ನು ಗೊತ್ತುಪಡಿಸುವುದು ಉಚಿತ. ಅಲ್ಲಿಯವರೆಗೆ ಕಿಟ್ ಮಾರುವ ಸದಸ್ಯರು ಅದೇ ಪೆಟ್ಟಿಗೆಯಲ್ಲಿ ಕನ್ನಡದ ಸೂಚನಾಪತ್ರವನ್ನೂ, ಪರೀಕ್ಷಿಸಿದ ಒಂದು ಪಾಯಿಂಟ್ ಸೆಟ್ ಮತ್ತು ಕಂಡೆನ್ಸರನ್ನೂ ಇಟ್ಟು ಕೊಡಲಿ. ಹೆದ್ದಾರಿಯಲ್ಲಿ ಮಾಡ್ಯೂಲ್ ಕೈಕೊಟ್ಟರೆ ಗ್ರಾಹಕನನ್ನು ಊರಿಗೆ ತಲುಪಿಸುವುದು ಅವೇ.