ಪನಿಯಲ್ಲ, ಹನಿ

ಮೂರು ವರ್ಷದ ಹಿಂದಿನ ಕಾರ್ತಿಕದಲ್ಲಿ ನಾನು 9 ಕೋಳಿಮರಿಗಳನ್ನು ಪ್ರೀತಿಯಿಂದಲೇ ಕೊಂದೆ.

ತಮಿಳುನಾಡಿನ ನಮ್ಮ ಒಡ್ಡನ್‌ಛತ್ರಂನಲ್ಲಿ ಒಂದು ವಾರ ಬಿಡದೆ ಮಳೆ. ಕೊಡೈಕನಾಲ್ ಬೆಟ್ಟದ ಕಡೆಯಿಂದ ಗಾಳಿ ಬೇರೆ. ಹಿತ್ತಿಲಿನ ಗೂಡಿನಲ್ಲಿ ಒಂದೂವರೆ ತಿಂಗಳ 14 ಮರಿಗಳಿದ್ದವು. ಗರಿ ಬಲಿತು, ತಾಯಿಯ ಹಂಗು ಬಿಟ್ಟವು. ಪಾಪ ನಡುಗುತ್ತವೆ ಅನ್ನಿಸಿತು. ತರಕಾರಿ ಮಂಡಿಯಿಂದ ನೀಲಿ ಟಾರ್ಪಾಲು ತಂದು ಗೂಡಿನ ನಾಲ್ಕೂ ಕಡೆ ಬಿಗಿದು ಕಟ್ಟಿದೆ. ಒಳಗೆ 100 ವ್ಯಾಟಿನ ಬಲ್ಬು ತೂಗುಬಿಟ್ಟೆ. ಮಂಡಿಯಲ್ಲಿ ಉಳಿದ ಕೋಸಿನ ಎಲೆಯನ್ನೂ ಒಂದು ಮಂಕರಿ ತುಂಬ ಒಳಗೇ ಸುರಿದೆ. ಹೊರಗೆ ಬರದೆ ಬೆಚ್ಚಗೆ ತಿಂದುಕೊಂಡಿರಲಿ ಎಂದು. ಒಂದು ಕರಿ ಹೇಂಟೆ ಮಾತ್ರ ಒಳಗೆ ಹೋಗಲು ಒಪ್ಪಲಿಲ್ಲ. ಟಾರ್ಚ್ ಹಿಡಿದು ಅರ್ಧ ಗಂಟೆ ಅಟ್ಟಾಡಿಸಿದೆ. ಅದು ಗಾಡಿ ನಿಲ್ಲಿಸುವ ಚಪ್ಪರದ ತೊಲೆ ಏರಿ ಕೂತಿತು. ಸಾಯಲಿ ಎಂದು ಬೈದು ಮಲಗಿದೆ.

ಬೆಳಿಗ್ಗೆ ಟಾರ್ಪಾಲು ಎತ್ತಿದರೆ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ ಹಾಗೆ ಹಬೆ. ಪ್ಲಾಸ್ಟಿಕ್ಕಿನ ಒಳಮೈಗೆ ಸಾಲುಸಾಲಾಗಿ ನೀರಿನ ಹನಿ. ಹಿಕ್ಕೆಯ ಘಾಟಿಗೆ ಕಣ್ಣು ಉರಿಯಿತು. ನಾಲ್ಕನೆಯ ದಿನ ಮರಿಗಳ ಗಂಟಲಲ್ಲಿ ಗೊರಗೊರ ಶುರು. ಹತ್ತು ದಿನದೊಳಗೆ 9 ಹೋದವು. ಅಕ್ಕಪಕ್ಕದವರು ಸಮಾಧಾನ ಹೇಳಿದರು: ‘ಪನಿದಾನ್ ಅಣ್ಣಾ.’ ಪನಿ, ಅಂದರೆ ಚಳಿ, ಇಬ್ಬನಿ. ನಾನೂ ಕೇಳಿದವರಿಗೆಲ್ಲ ಅದನ್ನೇ ಹೇಳಿದೆ. ಚಳಿಯ ಮೇಲೆ ಹಾಕಿದರೆ ಯಾರೂ ಮರುಪ್ರಶ್ನೆ ಕೇಳುವುದಿಲ್ಲ.

ನಾವು ಈ ಸೀಮೆಯ ಒಕ್ಕಲಿಗರು. ತಮಿಳರು ಕಾಪ್ಪಿಲಿಯರ್ ಎನ್ನುತ್ತಾರೆ. ನೆಂಟರೆಲ್ಲ ಕಂಬಂ ಕಣಿವೆಯ ಕಡೆ. ಮನೆಯಲ್ಲಿ ಆಡುವುದು ಕನ್ನಡ. ಬರೆಯುವುದು, ಓದುವುದು ತಮಿಳು. ನಾನು ಕನ್ನಡ ಅಕ್ಷರ ಕಲಿತದ್ದು ಬೆಂಗಳೂರಿನ ಮಾರುಕಟ್ಟೆಯಲ್ಲಿ ಲೆಕ್ಕ ಬರೆಯುತ್ತಿದ್ದಾಗ, ಬಸ್ಸಿನ ಬೋರ್ಡು ನೋಡಿ. ಎರಡು ಭಾಷೆಯ ನಡುವೆ ಬದುಕುವವರಿಗೆ ಪದಗಳನ್ನು ತಿರುಗಿಸಿ ನೋಡುವ ಚಟ ಇರುತ್ತದೆ. ತಮಿಳಿನ ಈ ಪನಿ ಹಳಗನ್ನಡದಲ್ಲೂ ಪನಿಯೇ. ಇಬ್ಬನಿಯ ಬಾಲದಲ್ಲಿ ಕೂತಿರುವುದೂ ಅದೇ. ‘ಪ’ ಹೋಗಿ ‘ಹ’ ಬಂದ ಮೇಲೆ ಅದು ನಮಗೆ ಹನಿಯಾಯಿತು. ತಮಿಳಿನಲ್ಲಿ ಅರ್ಥ ಚಳಿಯ ಕಡೆ ವಾಲಿತು, ಕನ್ನಡದಲ್ಲಿ ನೀರಿನ ಕಡೆ. ನನ್ನ ಮರಿಗಳ ಸಾವನ್ನು ತಮಿಳಿನಲ್ಲಿ ವಿವರಿಸಿದ್ದೇ ತಪ್ಪಾಯಿತು. ಕನ್ನಡದಲ್ಲಿ ಹೇಳಿದ್ದರೆ ಸರಿಹೋಗುತ್ತಿತ್ತು. ಕೊಂದದ್ದು ಟಾರ್ಪಾಲಿನ ಒಳಮೈಗೆ ಕಟ್ಟಿದ ಆ ಹನಿ.

ನಮ್ಮೂರಿನ ಚಳಿ ಎಂಥದ್ದು? ಧನುರ್ಮಾಸದ ರಾತ್ರಿ 18–20 ಡಿಗ್ರಿ. ಕೋಳಿಯ ಮೈಯೊಳಗಿನ ಬಿಸಿ 41 ಡಿಗ್ರಿಯ ಹತ್ತಿರ. ರಾತ್ರಿ ಗರಿ ಉಬ್ಬಿಸಿ, ಕಾಲನ್ನು ಹೊಟ್ಟೆಯಡಿ ಮಡಚಿ, ತಲೆಯನ್ನು ರೆಕ್ಕೆಯೊಳಗೆ ತೂರಿಸಿ ಕೂತರೆ ಮುಗಿಯಿತು. ಕಂಬಳಿಯನ್ನು ಅದು ಹುಟ್ಟಿನಿಂದಲೇ ಹೊದ್ದುಕೊಂಡಿದೆ. 2,100 ಮೀಟರ್ ಎತ್ತರದ ಕೊಡೈಕನಾಲಿನಲ್ಲಿ ಡಿಸೆಂಬರ್, ಜನವರಿಯ ಕೆಲವು ಮುಂಜಾವು ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿರುತ್ತದೆ. ಅಲ್ಲಿಯೂ ಕೋಳಿ ಕೂಗುತ್ತದೆ. ಕೆನಡಾದ ಕ್ವಿಬೆಕ್‌ನಲ್ಲಿ ಚಳಿಗೆ ಕೋಳಿಯ ಜುಟ್ಟು ಮರಗಟ್ಟಿ ಕೊಳೆಯುತ್ತಿದ್ದಾಗ ಓಕಾ ಮಠದ ಸನ್ಯಾಸಿ ಬ್ರದರ್ ವಿಲ್ಫ್ರಿಡ್ ಗೂಡಿಗೆ ಒಲೆ ಹಚ್ಚಲು ಹೋಗಲಿಲ್ಲ. ಜುಟ್ಟು ಹೆಸರಿಗಷ್ಟೇ ಇರುವ ಶಾಂಟೆಕ್ಲೇರ್ ಎಂಬ ತಳಿಯನ್ನೇ ಬೆಳೆಸಿದರು. ಹಿಮ ಬೀಳುವ ದೇಶದ ಕೋಳಿಗೇ ಒಣಗಿದ ಗೂಡು ಸಾಕಾದರೆ ನಮ್ಮದಕ್ಕೆ ಬಲ್ಬೇಕೆ?

ಈ ಕಂಬಳಿಗೆ ಒಂದೇ ಶತ್ರು, ತೇವ. ಹಿಕ್ಕೆಯ ಮುಕ್ಕಾಲು ಪಾಲು ನೀರು. ಉಸಿರಿನಲ್ಲೂ ನೀರು. ನಾನು ಸುರಿದ ಕೋಸಿನ ಎಲೆಯಲ್ಲಂತೂ ಬರೀ ನೀರು. ಗಾಳಿಗೆ ದಾರಿಯಿಲ್ಲದಿದ್ದರೆ ಅದೆಲ್ಲ ಮೇಲೇರಿ, ತಣಿದು, ಹನಿಯಾಗಿ ಗರಿಯ ಮೇಲೇ ಇಳಿಯುತ್ತದೆ. ನೆಂದ ಹಿಕ್ಕೆಯಿಂದ ಏಳುವ ಅಮೋನಿಯಾ ಉಸಿರುನಾಳವನ್ನು ಸುಡುತ್ತದೆ. ಆಮೇಲೆ ಯಾವ ರೋಗಕ್ಕೂ ಬಾಗಿಲು ತೆರೆದಂತೆ.

ಇದೇ ಗೂಡನ್ನು ನಮ್ಮಜ್ಜಿ ಕಟ್ಟಿಸಿದಾಗ ಅದರಲ್ಲಿ ಈ ಲೆಕ್ಕವೆಲ್ಲ ಇತ್ತು. ಕೆಳಗೆ ಕಲ್ಲುಚಪ್ಪಡಿ, ಸುತ್ತ ಮಣ್ಣಿನ ಗೋಡೆ, ಮೇಲೆ ತಾಳೆಗರಿ. ಗೋಡೆಗೂ ಮಾಡಿಗೂ ನಡುವೆ ಸುತ್ತಲೂ ಎರಡು ಬೆರಳಗಲದ ಸಂದು. ಹಾವಿಗೆ ಭಯಪಟ್ಟು ಅದಕ್ಕೆ ಕಬ್ಬಿಣದ ಬಲೆ ಹೊಡೆದಿದ್ದಳೇ ಹೊರತು ಮುಚ್ಚಿರಲಿಲ್ಲ. ಅಜ್ಜಿ ಹೋದ ಮೇಲೆ ರಿಪೇರಿ ಮಾಡಿಸುವಾಗ ಆ ಸಂದನ್ನು ಮೇಸ್ತ್ರಿಯ ಅವಸರದ ಕೆಲಸವೆಂದು ತಿಳಿದು ಸಿಮೆಂಟು ಮೆತ್ತಿಸಿದವನು ನಾನೇ.

ಹಾಗಂತ ಚಳಿಯೇ ಇಲ್ಲವೆಂದಲ್ಲ. ಗರಿ ಬಾರದ ಮರಿಗೆ ಚಳಿ ನಿಜ. ಮೊದಲ ವಾರ 35 ಡಿಗ್ರಿ ಶಾಖ ಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಬೇಕು. ಅಳೆಯುವ ಯಂತ್ರ ಬೇಡ, ಮರಿಗಳನ್ನೇ ನೋಡಿದರೆ ಸಾಕು. ಬಲ್ಬಿನ ಕೆಳಗೆ ಒಂದರ ಮೇಲೊಂದು ಮುದ್ದೆಯಾದರೆ ಚಳಿ. ದೂರ ಹೋಗಿ ಬಾಯಿ ತೆರೆದು ಏದುತ್ತಿದ್ದರೆ ಸೆಕೆ. ಹರಡಿಕೊಂಡು ಮೇಯುತ್ತಿದ್ದರೆ ಸರಿ. ಅಜ್ಜಿಗೆ ಬಲ್ಬೂ ಇರಲಿಲ್ಲ. ಮಳೆಗಾಲದಲ್ಲಿ ಹೇಂಟೆಯನ್ನು ಕಾವಿಗೆ ಕೂರಿಸುತ್ತಲೇ ಇರಲಿಲ್ಲ. ಸಂಕ್ರಾಂತಿ ಕಳೆದು ಮೊಟ್ಟೆ ಇಟ್ಟರೆ 21 ದಿನಕ್ಕೆ ಮರಿ. ಅಷ್ಟರಲ್ಲಿ ಬಿಸಿಲು ತಿರುಗಿರುತ್ತಿತ್ತು.

‘ಚಳಿಗೆ ಸತ್ತಿತು’ ಎನ್ನುವ ಮಾತಿನ ಹಿಂದೆ ಇನ್ನೊಂದು ಸಾವೂ ಅಡಗಿರುತ್ತದೆ: ಕೊಕ್ಕರೆ ರೋಗ. ಹಸಿರು, ಬಿಳಿ ಭೇದಿ, ತೂಕಡಿಕೆ, ತಿರುಚಿದ ಕುತ್ತಿಗೆ. ಒಂದು ಬೀದಿಯ ಕೋಳಿಯೆಲ್ಲ ಒಂದೇ ವಾರದಲ್ಲಿ ಖಾಲಿ. ಉತ್ತರಾಖಂಡದ ಗುಡ್ಡದೂರಿನಲ್ಲಿ 1927ರಲ್ಲಿ ಗುರುತಿಸಿದ್ದರಿಂದ ಇದಕ್ಕೆ ರಾಣಿಖೇತ್ ಎಂದೇ ಹೆಸರು ನಿಂತಿತು. ಹಿಂದಿನ ವರ್ಷ ಇಂಗ್ಲೆಂಡಿನಲ್ಲಿ ಕಂಡದ್ದಕ್ಕೆ ನ್ಯೂಕಾಸಲ್ ಎಂದು. ಎರಡೂ ಚಳಿಯ ಊರುಗಳೇ, ಆದರೆ ರೋಗ ವೈರಸ್ಸಿನದು. ಅದೇ 1926ರಲ್ಲಿ ಬೆವರು ಸುರಿಯುವ ಜಾವಾದಲ್ಲೂ ಕಂಡಿತ್ತು. ಇದಕ್ಕೆ ಔಷಧಿಯಿಲ್ಲ, ಲಸಿಕೆಯಿದೆ: ಮರಿಗೆ ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಒಂದು ಹನಿ, ಎಂಟು ವಾರಕ್ಕೆ ರೆಕ್ಕೆಯಡಿ ಸೂಜಿ.

ತಮಿಳುನಾಡಿನ ಪಶುಪಾಲನಾ ಇಲಾಖೆ ಫೆಬ್ರವರಿಯಲ್ಲಿ ಎರಡು ವಾರ ಊರೂರಿನಲ್ಲಿ ಈ ಲಸಿಕೆ ಹಾಕಿಸುತ್ತದೆ. ಬೇಸಿಗೆಗೆ ಮುಂಚೆ ಅದು ಒಳ್ಳೆಯ ಕೆಲಸವೇ. ಆದರೆ ನಮ್ಮ ಕಡೆ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಹಿಂಗಾರು. ಫೆಬ್ರವರಿಯ ನಂತರ ಹುಟ್ಟಿದ ಮರಿಗಳು ಮೈಯಲ್ಲಿ ಯಾವ ರಕ್ಷಣೆಯೂ ಇಲ್ಲದೆ ಆ ತೇವಕ್ಕೆ ಕಾಲಿಡುತ್ತವೆ. ಸೆಪ್ಟೆಂಬರಿನಲ್ಲಿ ಇನ್ನೊಂದು ಸುತ್ತು ಬೇಕು. ಕರ್ನಾಟಕದಲ್ಲೂ ಅಷ್ಟೆ, ಲಸಿಕೆಯನ್ನು ಕ್ಯಾಲೆಂಡರ್ ನೋಡಿ ಅಲ್ಲ, ಮೋಡ ನೋಡಿ ಹಾಕಬೇಕು.

ಕಂಬಂನಲ್ಲಿ ನಮ್ಮವರ ನಂದಗೋಪಾಲನ ತೊಳು ಇದೆ. ದನದ ಕೊಟ್ಟಿಗೆಯೇ ಗುಡಿ, ಪೊಂಗಲ್ ಹಬ್ಬದಲ್ಲಿ ಸಾವಿರಾರು ಜನ ಕೈಮುಗಿಯುತ್ತಾರೆ. ಹಸುವಿಗೆ ಗುಡಿ ಕಟ್ಟಿದ ನಾವು ಕೋಳಿಗೆ ಕೊಡುವುದು ಮುರಿದ ಮಂಕರಿ ಮತ್ತು ಹರಕು ಗೋಣಿ. ಕೋಳಿ ಕೇಳಿ ಖಾರ ಅರೆಯುತ್ತಾರೆಯೇ ಎನ್ನುವುದು ಗಾದೆ. ಖಾರಕ್ಕೆ ಕೇಳುವುದು ಬೇಡ, ಗೂಡಿಗಾದರೂ ಕೇಳಬಹುದಲ್ಲ.

ಮರಿಗಳು ಹೋದ ಮರುವರ್ಷ ಉಳಿ ತಂದು ಸಂದಿನ ಸಿಮೆಂಟು ಒಡೆದೆ. ಟಾರ್ಪಾಲು ಈಗ ಮಳೆ ಬಡಿಯುವ ಒಂದೇ ಮಗ್ಗುಲಿಗೆ, ಅದೂ ಮುಕ್ಕಾಲು ಎತ್ತರಕ್ಕೆ. ಸೊಪ್ಪು ಸದೆ ಹೊರಗೇ. ದಿನಾ ಸಂಜೆ ನೆಲಕ್ಕೆ ಹಾಕಿದ ಭತ್ತದ ಹೊಟ್ಟನ್ನು ಒಂದು ಹಿಡಿ ಹಿಸುಕಿ ನೋಡುತ್ತೇನೆ. ಉಂಡೆ ಕಟ್ಟಿದರೆ ಬದಲಾಯಿಸುವುದು, ಉದುರಿದರೆ ಇರಲಿ. ಕರಿ ಹೇಂಟೆ ಆ ಮಳೆಯ ವಾರವನ್ನು ತೊಲೆಯ ಮೇಲೆಯೇ ಕಳೆದು ಒಂದು ಸೀನೂ ಇಲ್ಲದೆ ಇಳಿದುಬಂದಿತ್ತು. ಕಳೆದ ಕಾರ್ತಿಕದಲ್ಲಿ ಮೊದಲ ಮಳೆ ಬಿದ್ದ ಸಂಜೆ ಅದು ಗೂಡಿನ ಬಾಗಿಲಲ್ಲಿ ಕತ್ತು ಚಾಚಿ ಸ್ವಲ್ಪ ಹೊತ್ತು ನಿಂತು, ತಾನಾಗಿಯೇ ಒಳಗೆ ಹೋಯಿತು.